ಬಿಜೈಯಲ್ಲಿ ಉಂಟೆನ್ನಲಾದ ಒಂದು ಗಣಕಯಂತ್ರ

ಮಂಗಳೂರಿನ ಬಿಜೈಯಲ್ಲಿ, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣಕ್ಕೂ ಕಾಪಿಕಾಡಿಗೂ ನಡುವಣ ಯಾವುದೋ ಕಟ್ಟಡದ ಮಹಡಿಯಲ್ಲಿ, ಬಹುಕಾಲದಿಂದ ಬೀಗ ಬಿದ್ದಿರುವ ಕೋಣೆಯೊಂದರೊಳಗೆ, ಮೂರು ದಶಕಗಳಿಗೂ ಹಿಂದಿನ ಒಂದು ವರ್ಕ್‌ಸ್ಟೇಷನ್ ಗಣಕಯಂತ್ರವು ತನ್ನ ಕೀಲಿಮಣೆ, ಪರದೆಗಳ ಸಹಿತವಾಗಿ ಇನ್ನೂ ಉಳಿದಿದೆಯೆಂಬ ಮಾತು ಹಳೆಯ ಯಂತ್ರಗಳಲ್ಲಿ ಆಸಕ್ತಿಯುಳ್ಳ ನಮ್ಮಂಥ ಕೆಲವೇ ಮಂದಿಯ ನಡುವೆ ಕೆಲಕಾಲದಿಂದ ಸಂಚರಿಸುತ್ತಿದೆ. ಕಂಡವರು ಯಾರೆಂದು ವಿಚಾರಿಸಿದರೆ, ಕಂಡವರನ್ನು ಬಲ್ಲವರು ದೊರೆಯುತ್ತಾರೆಯೇ ಹೊರತು ಕಂಡವರು ದೊರೆಯುವುದಿಲ್ಲ. ಕಟ್ಟಡವು ಒಬ್ಬರ ಮಾತಿನಲ್ಲಿ ಆನೆಗುಂಡಿಯ ಕಡೆಗೆ ಸರಿದರೆ, ಇನ್ನೊಬ್ಬರ ಮಾತಿನಲ್ಲಿ ಚರ್ಚಿನ ಹಿಂಬದಿಗೆ ಹೋಗುತ್ತದೆ. ಯಂತ್ರವು ಒಮ್ಮೆ ಬೂದುಬಣ್ಣದ್ದು, ಒಮ್ಮೆ ಹಸುರು. ಇಷ್ಟು ಅಸ್ಥಿರವಾದ ವೃತ್ತಾಂತಕ್ಕೆ ಬೆಲೆ ಕೊಡಬಾರದೆಂದು ಯಾವ ವಿವೇಕಿಯಾದರೂ ಹೇಳಿಯಾನು. ಆದರೂ ನಾನು ಇದನ್ನು ಬಹುಮಟ್ಟಿಗೆ ನಂಬುತ್ತೇನೆ. ಆ ಯಂತ್ರಗಳ ಚರಿತ್ರೆಯನ್ನೂ ಈ ಊರಿನ ಸ್ವಭಾವವನ್ನೂ ಕೂಡಿಸಿ ನೋಡಿದವರಿಗೆ ಈ ನಂಬಿಕೆ ಅಷ್ಟೇನೂ ಹುಚ್ಚಿನದಾಗಿ ತೋರಲಾರದು.

ಎಪ್ಪತ್ತರ ದಶಕದವರೆಗೆ ಗಣಕಯಂತ್ರವೆಂದರೆ ಶೀತಲೀಕೃತವಾದ ದೊಡ್ಡ ಕೋಣೆಯೊಂದರಲ್ಲಿ ಪ್ರತಿಷ್ಠಿತವಾಗಿ, ಅನೇಕರು ಸರದಿ ಕಾದು ಅದರ ಕಾಲವನ್ನು ಪಾಲು ಹಂಚಿಕೊಳ್ಳಬೇಕಾದ ವಸ್ತುವಾಗಿತ್ತು. ಆ ಬಳಿಕ ಬಂದ ಪಿಸಿಯಾದರೋ ಪತ್ರ ಬರೆಯುವುದಕ್ಕೂ ಲೆಕ್ಕ ಇಡುವುದಕ್ಕೂ ಯಥೇಷ್ಟವಾಗಿದ್ದರೂ, ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆಯನ್ನೋ ಸಿಲಿಕಾನ್ ಚಿಪ್ಪಿನ ಒಳರಚನೆಯನ್ನೋ ಪರದೆಯ ಮೇಲೆ ಬಿಡಿಸಿ ತೋರಿಸಲು ಅಸಮರ್ಥವಾಗಿತ್ತು. ಇವೆರಡರ ನಡುವಣ ತೆರಪಿನಲ್ಲಿ ಹುಟ್ಟಿದ್ದು ವರ್ಕ್‌ಸ್ಟೇಷನ್: ದೊಡ್ಡ ಯಂತ್ರದ ಶಕ್ತಿಯಲ್ಲಿ ಒಂದಂಶವನ್ನಾದರೂ ಒಬ್ಬ ಎಂಜಿನಿಯರನ ಮೇಜಿಗೆ, ಅವನೊಬ್ಬನ ಉಪಯೋಗಕ್ಕಾಗಿಯೇ, ತಂದಿರಿಸಿದ ಯಂತ್ರ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಆಂಧ್ರ ಮೂಲದ ರಾಜ್ ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಇಂಥ ಯಂತ್ರಕ್ಕೆ ಮೂರು ಲಕ್ಷಣಗಳನ್ನು ವಿಧಿಸಿದರು: ಸ್ಮೃತಿ ಒಂದು ಮೆಗಾಬೈಟ್, ಪರದೆಯಲ್ಲಿ ಹತ್ತು ಲಕ್ಷ ಚುಕ್ಕೆಗಳು, ಸೆಕೆಂಡಿಗೆ ಹತ್ತು ಲಕ್ಷ ಆದೇಶಗಳ ನಿರ್ವಹಣೆ. ಈಗ ಗೋಡೆಗಡಿಯಾರಕ್ಕೂ ಇದಕ್ಕಿಂತ ಹೆಚ್ಚಿನ ಸಾಮರ್ಥ್ಯವನ್ನು ತುಂಬುವ ಕಾಲ ಬಂದಿದೆಯಾದರೂ, ಆಗ ಈ ಮೂರೂ ಒಂದೇ ಡಬ್ಬದೊಳಗೆ ಕೂಡಿಬರುವುದು ಒಂದು ಮಹತ್ತ್ವಾಕಾಂಕ್ಷೆಯಾಗಿತ್ತು.

1973ರಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರೂಪುಗೊಂಡ ಆಲ್ಟೊ ಈ ಕುಲದ ಮೂಲಪುರುಷ. 1982ರಲ್ಲಿ ಆಂಡ್ರಿಯಾಸ್ ಬೆಕ್ಟೋಲ್‌ಶೈಮ್, ದಿಲ್ಲಿಯ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ, ಸ್ಕಾಟ್ ಮ್ಯಾಕ್‌ನೀಲಿ, ಬಿಲ್ ಜಾಯ್ ಎಂಬ ನಾಲ್ವರು ಸೇರಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯನ್ನು ಕಟ್ಟಿದರು. ಅದು 1989ರಲ್ಲಿ ಹೊರತಂದ ಸ್ಪಾರ್ಕ್‌ಸ್ಟೇಷನ್ 1 ಎಂಬ ಚಪ್ಪಟೆಯಾದ ಬೂದು ಪೆಟ್ಟಿಗೆಯು, ತೊಂಬತ್ತರ ದಶಕದಲ್ಲಿ ಎಂಜಿನಿಯರಿಂಗ್ ಕಚೇರಿಗಳ ಸಾಮಾನ್ಯ ದೃಶ್ಯವಾದ ಒಂದು ಸಂತತಿಗೇ ಮೊದಲಿಗ. ಜಿಮ್ ಕ್ಲಾರ್ಕ್ ಸ್ಥಾಪಿಸಿದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯು ಮೂರು ಆಯಾಮದ ಚಿತ್ರಗಳನ್ನು ಕ್ಷಣಮಾತ್ರದಲ್ಲಿ ತಿರುಗಿಸಿ ತೋರಿಸುವ, ಬಣ್ಣಬಣ್ಣದ ಹೊದಿಕೆಗಳುಳ್ಳ ಯಂತ್ರಗಳಿಂದ ಪ್ರಸಿದ್ಧವಾಯಿತು. ಆಪಲ್ ಸಂಸ್ಥೆಯಿಂದ ಹೊರಬಿದ್ದ ಸ್ಟೀವ್ ಜಾಬ್ಸ್ 1988ರಲ್ಲಿ ಪ್ರಕಟಪಡಿಸಿದ ನೆಕ್ಸ್ಟ್ ಎಂಬ ಕಪ್ಪು ಘನಾಕೃತಿಯ ಮೇಲೆಯೇ ಟಿಮ್ ಬರ್ನರ್ಸ್-ಲೀ ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ವಿಶ್ವವ್ಯಾಪಿ ಜಾಲವನ್ನು ಹೆಣೆದದ್ದು. ಇದು ಸೇವಾಯಂತ್ರ, ಇದನ್ನು ಆರಿಸಬೇಡಿ ಎಂದು ಕೈಬರಹದಲ್ಲಿ ಬರೆದು ಅಂಟಿಸಿದ ಚೀಟಿಯೊಡನೆ ಆ ಪೆಟ್ಟಿಗೆ ಇಂದಿಗೂ ಸುರಕ್ಷಿತವಾಗಿದೆ. 1995ರ ಟಾಯ್ ಸ್ಟೋರಿ ಚಲನಚಿತ್ರದ ಒಂದೊಂದು ಚಿತ್ರಿಕೆಯೂ 117 ಸನ್ ಯಂತ್ರಗಳ ಸಾಲಿನಲ್ಲಿ ಬೆಂದು ಬಂದದ್ದು.

ಇಂಥ ಯಂತ್ರಗಳು ನಮ್ಮ ದೇಶಕ್ಕೆ ವಿರಳವಾಗಿಯೇ ಬಂದವು. ಸ್ಪಾರ್ಕ್‌ಸ್ಟೇಷನ್ 1ರ ಕನಿಷ್ಠ ಬೆಲೆ, ಒಳಗೆ ಡಿಸ್ಕ್ ಸಹ ಇಲ್ಲದೆ, ಸುಮಾರು 9,000 ಡಾಲರ್. ಆ ಕಾಲದ ವಿನಿಮಯ ದರದಲ್ಲಿ, ಸುಂಕ ಸೇರುವ ಮೊದಲೇ, ಅದು ಒಂದೂವರೆ ಲಕ್ಷ ರೂಪಾಯಿಯ ಆಸುಪಾಸು. ಹಣವಿದ್ದರೂ ಸಾಲದು, ಆಮದಿಗೆ ಪರವಾನಗಿ ಬೇಕು. ಇನ್ಫೋಸಿಸ್ ಸಂಸ್ಥೆಯು ಎಂಬತ್ತರ ದಶಕದ ಪೂರ್ವಾರ್ಧದಲ್ಲಿ ಡೇಟಾ ಜನರಲ್ ಕಂಪನಿಯ ಒಂದು ಯಂತ್ರವನ್ನು ಬೆಂಗಳೂರಿಗೆ ತರಿಸಿಕೊಳ್ಳುವುದಕ್ಕಾಗಿ ದಿಲ್ಲಿಗೆ ಪದೇಪದೇ ಅಲೆಯಬೇಕಾದ ಕಥೆಯನ್ನು ನಾರಾಯಣಮೂರ್ತಿಯವರು ಅನೇಕ ಸಭೆಗಳಲ್ಲಿ ಹೇಳಿದ್ದುಂಟು. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿಯವರ ಸರಕಾರವು ಹೊಸ ಗಣಕಯಂತ್ರ ನೀತಿಯನ್ನು ಘೋಷಿಸಿದ ಮೇಲೆ ಬಿಗಿ ಸ್ವಲ್ಪ ಸಡಿಲವಾಯಿತು; 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಕೇಂದ್ರವನ್ನು ತೆರೆಯಿತು; ಮುಂದೆ ಸನ್ ಯಂತ್ರಗಳು ವಿಪ್ರೊ ಮುಖಾಂತರ ಇಲ್ಲಿಯೇ ಮಾರಾಟಕ್ಕೆ ದೊರಕಿದವು. ಆದರೂ ಕೊಂಡವರೆಲ್ಲರೂ ಸಂಸ್ಥೆಗಳೇ. ವ್ಯಕ್ತಿಯೊಬ್ಬನು ತನ್ನ ಮನೆಗಾಗಿ ವರ್ಕ್‌ಸ್ಟೇಷನ್ನನ್ನು ಕೊಂಡ ಉದಾಹರಣೆಯನ್ನು ನಾನಂತೂ ಕೇಳಿದವನಲ್ಲ.

ವಿರಳತೆಯ ನಿಜವಾದ ಕಾರಣ ಇಲ್ಲಿಯೇ ಇದೆ. ಮನೆಯ ವಸ್ತುವು ಮನೆಯ ಅಟ್ಟವನ್ನು ಏರುತ್ತದೆ. ಅಜ್ಜನ ರೇಡಿಯೊ, ಅತ್ತೆಯ ಹೊಲಿಗೆಯಂತ್ರ ಹೀಗೆ ಉಳಿದುಬಂದವು. ಸಂಸ್ಥೆಯ ವಸ್ತುವಿಗೆ ಅಟ್ಟವಿಲ್ಲ. ಅದಕ್ಕೆ ಇರುವುದು ದಾಸ್ತಾನು ಪುಸ್ತಕ. ವರ್ಷವರ್ಷವೂ ಅದರ ಮೌಲ್ಯವನ್ನು ತಗ್ಗಿಸುತ್ತ ಬಂದು, ಸೊನ್ನೆಯಾದ ದಿನ ನಿರುಪಯುಕ್ತವೆಂದು ಷರಾ ಬರೆದು, ಹರಾಜು ಕೂಗಿ, ತೂಕದ ಲೆಕ್ಕದಲ್ಲಿ ಗುಜರಿಯವರಿಗೆ ಒಪ್ಪಿಸುವುದೇ ಅದರ ಅಂತ್ಯಸಂಸ್ಕಾರ. ಗುಜರಿಯವರ ದೃಷ್ಟಿಯಲ್ಲಿ ಹಳೆಯ ವರ್ಕ್‌ಸ್ಟೇಷನ್ನಿನ ಬೆಲೆಯುಳ್ಳ ಭಾಗವೆಂದರೆ ಪಿಂಗಾಣಿ ಹೊದಿಕೆಯ ಪ್ರೊಸೆಸರಿನ ಚಿನ್ನದ ಲೇಪವುಳ್ಳ ಕಡ್ಡಿಗಳು ಮಾತ್ರ. ಲಕ್ಷಗಟ್ಟಲೆ ತೆತ್ತು ತಂದ ಯಂತ್ರವು ಕೆಲವು ನೂರು ರೂಪಾಯಿಗಳ ಲೋಹವಾಗಿ ಕರಗಿಹೋಗುವುದು ಹೀಗೆ. ಅದರಲ್ಲಿ ಯಾರ ದುಷ್ಟತನವೂ ಇಲ್ಲ. ನಿಯಮದ ಪಾಲನೆ ಮಾತ್ರ ಇದೆ.

ಹಾಗಾದರೆ ಮಂಗಳೂರಿನಲ್ಲಿ ಒಂದು ಯಂತ್ರ ಈ ವಿಧಿಯಿಂದ ತಪ್ಪಿಸಿಕೊಂಡು ಬಿಜೈಯ ಕೋಣೆಯೊಂದರಲ್ಲಿ ಉಳಿದಿರುವುದು ಸಾಧ್ಯವೆ? ಬ್ಯಾಂಕುಗಳ ತವರೆಂದು ಹೆಸರಾದ ಈ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಬ್ಯಾಂಕುಗಳೇ; ಆದರೆ ಅವುಗಳ ಶಾಖೆಗಳಿಗೆ ಬಂದದ್ದು ಲೆಡ್ಜರ್ ಬರೆಯುವ ಯಂತ್ರಗಳೂ ತರುವಾಯ ಪಿಸಿಗಳೂ. ಸುರತ್ಕಲ್ಲಿನ ಕೆಆರ್‌ಇಸಿ, ಈಗಿನ ಎನ್‌ಐಟಿಕೆ, 1960ರಿಂದ ಎಂಜಿನಿಯರುಗಳನ್ನು ಸಿದ್ಧಗೊಳಿಸುತ್ತಿದೆ. ತೊಂಬತ್ತರ ದಶಕದಲ್ಲಿ ತೈಲ ಶುದ್ಧೀಕರಣಾಗಾರವೂ, ಬಿಜೈಗೆ ಅನತಿದೂರದ ಕೊಟ್ಟಾರದಲ್ಲಿ ಇನ್ಫೋಸಿಸ್ ಕೇಂದ್ರವೂ ಬಂದವು. ಇವೆಲ್ಲವೂ ದಾಸ್ತಾನು ಪುಸ್ತಕವನ್ನು ಕ್ರಮಬದ್ಧವಾಗಿ ಇಡುವ ಸಂಸ್ಥೆಗಳು. ಅಲ್ಲಿಂದ ಏನಾದರೂ ತಪ್ಪಿಸಿಕೊಂಡು ಬರುವುದು ಕಷ್ಟ.

ಆದರೆ ಈ ಊರಿಗೆ ಇನ್ನೊಂದು ಮುಖವುಂಟು. 1953ರಲ್ಲಿ ಮಣಿಪಾಲದಲ್ಲಿಯೂ ಎರಡು ವರ್ಷಗಳ ತರುವಾಯ ಮಂಗಳೂರಿನಲ್ಲಿಯೂ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಾಲೂರಿದ ಮೇಲೆ, ಕರಾವಳಿಯ ಈ ಪಟ್ಟಣವು ಆಸ್ಪತ್ರೆಗಳ ಊರಾಗಿ ಬೆಳೆಯುತ್ತ ಬಂದಿದೆ. ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ರೋಗಿಗಳು ಬಸ್ಸಿಳಿದು ಮೊದಲು ಕೇಳುವುದು ಸ್ಕ್ಯಾನಿಂಗ್ ಸೆಂಟರಿನ ದಾರಿಯನ್ನೇ. ಅಲ್ಲಿಯ ಸಿಟಿ ಸ್ಕ್ಯಾನ್ ಯಂತ್ರದ ಕಾರ್ಯವಿಧಾನವನ್ನು ಸ್ವಲ್ಪ ಆಲೋಚಿಸಬೇಕು. ಮಲಗಿದ ರೋಗಿಯ ಸುತ್ತ ಎಕ್ಸ್-ರೇ ಕೊಳವೆಯು ವೃತ್ತಾಕಾರವಾಗಿ ಸುತ್ತುತ್ತ ನೂರಾರು ಕೋನಗಳಿಂದ ನೆರಳುಗಳನ್ನು ಸಂಗ್ರಹಿಸುತ್ತದೆ. ಒಂದೊಂದು ನೆರಳೂ ದೇಹದೊಳಗಣ ಎಲ್ಲ ಪದರಗಳ ಸಾಂದ್ರತೆಯನ್ನು ಒಟ್ಟುಗೂಡಿಸಿದ ಒಂದು ಮೊತ್ತ ಮಾತ್ರ. ಅಂಥ ನೂರಾರು ಮೊತ್ತಗಳಿಂದ ಹಿಮ್ಮುಖವಾಗಿ ಗಣಿಸಿ, ದೇಹವನ್ನು ಅಡ್ಡಲಾಗಿ ಕೊಯ್ದು ನೋಡಿದಂತೆ ಬಿಲ್ಲೆಬಿಲ್ಲೆಯ ಚಿತ್ರವನ್ನು ಮರಳಿ ಕಟ್ಟಬೇಕು. ಆ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೂಳೆಯೊಂದನ್ನು ಬಿಡಿಸಿ, ಬೇಕಾದ ಕಡೆಗೆ ತಿರುಗಿಸಿ ವೈದ್ಯನಿಗೆ ತೋರಿಸಬೇಕಾದರೆ ತೊಂಬತ್ತರ ದಶಕದ ಪಿಸಿಯ ಶಕ್ತಿ ಏನೇನೂ ಸಾಲದು. ಆದುದರಿಂದ ವೈದ್ಯಕೀಯ ಯಂತ್ರಗಳ ತಯಾರಕರು ಸಿದ್ಧವಾದ ವರ್ಕ್‌ಸ್ಟೇಷನ್ನುಗಳನ್ನೇ ಕೊಂಡು, ತಮ್ಮ ಕಪಾಟಿನೊಳಗೆ ಕೂರಿಸಿ, ತಮ್ಮ ಹೆಸರಿನ ಫಲಕವನ್ನು ಅಂಟಿಸಿ ಮಾರಿದರು. ಜಿಇ ಸಂಸ್ಥೆಯ ಚಿತ್ರವೀಕ್ಷಣೆಯ ಕನ್ಸೋಲುಗಳಲ್ಲಿ ಸನ್ ಯಂತ್ರಗಳಿದ್ದವು. ಅದರ ಕೆಲವು ಸಿಟಿ ಸ್ಕ್ಯಾನರುಗಳ ಹೃದಯಸ್ಥಾನದಲ್ಲಿ ಇದ್ದದ್ದು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಇಂಡಿಗೊ2, ಆಕ್ಟೇನ್‌ಗಳು.

ಹೀಗೆ, ಬೆಂಗಳೂರಿನ ಸಂಶೋಧನಾಲಯಗಳಲ್ಲಿ ಮಾತ್ರ ಇರುತ್ತದೆಂದು ನಾವು ಭಾವಿಸಿದ ಯಂತ್ರವು, ಹೆಸರು ಮರೆಸಿಕೊಂಡು, ಮಂಗಳೂರಿನ ಬೀದಿಗಳಿಗೂ ಬಂದಿರಬೇಕಾದದ್ದು ನ್ಯಾಯವೇ. ಅದನ್ನು ಅಲ್ಲಿ ಯಾರೂ ವರ್ಕ್‌ಸ್ಟೇಷನ್ ಎಂದು ಕರೆಯುವುದಿಲ್ಲ. ತಂತ್ರಜ್ಞರಿಗೆ ಅದು ಕನ್ಸೋಲ್, ಮಾಲೀಕರಿಗೆ ಸ್ಕ್ಯಾನಿಂಗ್ ಮೆಷಿನ್ನಿನ ಒಂದು ಅವಯವ. ಸಣ್ಣ ಕೇಂದ್ರವು ಮುಚ್ಚಿದಾಗ ಕೊಳವೆ, ಮಂಚ, ಉಕ್ಕಿನ ಚೌಕಟ್ಟುಗಳಿಗೆ ಗಿರಾಕಿಗಳು ಸಿಗುತ್ತಾರೆ. ಕನ್ಸೋಲನ್ನು ಕೇಳುವವರಿಲ್ಲದೆ ಅದು ಕೋಣೆಯ ಮೂಲೆಯಲ್ಲಿಯೇ ಉಳಿಯುವುದುಂಟು. ಕಟ್ಟಡದ ವಾರಸುದಾರರು ದುಬೈಯಲ್ಲೋ ಮುಂಬಯಿಯಲ್ಲೋ ಇದ್ದು, ಬಾಡಿಗೆಗೂ ಕೊಡದೆ ಮಾರಲೂ ಮಾರದೆ ಬೀಗ ಹಾಕಿಟ್ಟ ಕೋಣೆಗಳಿಗೆ ಬಿಜೈಯಲ್ಲಿ ಕೊರತೆಯಿಲ್ಲ. ಸಂಸ್ಥೆಯ ವಸ್ತುವಿಗೆ ಅಟ್ಟ ದೊರಕುವ ಅಪೂರ್ವ ಸಂದರ್ಭವಿದು.

ವದಂತಿಯನ್ನು ಪರೀಕ್ಷಿಸುವುದಕ್ಕೂ ಒಂದು ಕ್ರಮವುಂಟು. ಕಂಪನಿ ಯಾವುದು, ಮಾದರಿ ಯಾವುದು ಎಂದು ನೇರವಾಗಿ ಕೇಳಬಾರದು; ಕೇಳಿದರೆ ಹೇಳುವವನು ನಿಮ್ಮ ಮುಖವನ್ನು ನೋಡಿ, ನಿಮಗೆ ಪ್ರಿಯವಾದದ್ದನ್ನು ಹೇಳಿಬಿಡುತ್ತಾನೆ. ಬಣ್ಣ ಕೇಳಬೇಕು, ತೂಕ ಕೇಳಬೇಕು, ತಂತಿ ಎಲ್ಲಿಗೆ ಸಿಕ್ಕಿಸುತ್ತಿತ್ತು ಎಂದು ಕೇಳಬೇಕು. ಕಡುಹಸುರು ಘನಾಕೃತಿಯಾಗಿ ಒಬ್ಬನು ಎತ್ತಲು ತಿಣುಕುವಷ್ಟು ಭಾರವಾಗಿದ್ದರೆ ಅದು 1997ರ ಆಕ್ಟೇನ್ ಆಗಿರಬಹುದು. ನೀಲಿಯಾಗಿ ಬೆನ್ನು ಉಬ್ಬಿದ್ದರೆ ಓ2. ಕರಿಯ ಘನವಾಗಿದ್ದರೆ ನೆಕ್ಸ್ಟ್, ಅದು ಇಲ್ಲಿ ದೊರೆಯುವ ಸಂಭವ ಬಹಳ ಕಡಿಮೆ. ಬೂದುಬಣ್ಣದ ಚಪ್ಪಟೆ ಪೆಟ್ಟಿಗೆಯಾಗಿದ್ದರೆ ಸನ್. ಬಿಜೈಯ ವೃತ್ತಾಂತದ ನಾನಾ ಪಾಠಗಳನ್ನು ನಾನು ಈ ರೀತಿಯಲ್ಲಿ ಕೇಳುತ್ತ ಹೋದಾಗ, ಹಸುರು ಬಣ್ಣ ಹೇಳಿದವರ ಮಾತು ಮುಂದಿನ ಪ್ರಶ್ನೆಗೇ ಕುಸಿಯಿತು. ಬೂದು ಬಣ್ಣ ಹೇಳಿದವರೊಬ್ಬರು, ಯಾವುದೋ ಕಾಲದಲ್ಲಿ ಆ ಕೋಣೆಗೆ ವಿದ್ಯುತ್ ತಂತಿಯ ಕೆಲಸಕ್ಕೆ ಹೋದವರ ಬಾಯಿಂದ ಕೇಳಿದ್ದೆಂದು ಹೇಳುತ್ತ, "ಅದರ ಮೌಸಿಗೆ ಅಡಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಒಂದು ತಗಡು ಉಂಟಂತೆ ಮಾರಾಯ್ರೆ, ಅದರ ಮೇಲೆ ಗೆರೆ ಗೆರೆ" ಎಂದರು.

ಈ ಒಂದು ಮಾತು ನನಗೆ ಸಾಕಾಯಿತು. ಸನ್ ಯಂತ್ರಗಳ ಹಳೆಯ ಮೌಸುಗಳು ಈಗಿನವುಗಳಂತೆ ಯಾವ ಮೇಜಿನ ಮೇಲೆಯಾದರೂ ಓಡುತ್ತಿರಲಿಲ್ಲ. ಸೂಕ್ಷ್ಮವಾದ ಗೆರೆಗಳ ಜಾಲವನ್ನು ಮುದ್ರಿಸಿದ, ಬೆಳಕನ್ನು ಪ್ರತಿಫಲಿಸುವ ಲೋಹದ ಹಲಗೆಯೊಂದರ ಮೇಲೆ ಮಾತ್ರ ಅವು ಚಲಿಸಬಲ್ಲವು, ಏಕೆಂದರೆ ಮೌಸಿನ ಒಳಗಣ ಬೆಳಕು ಆ ಗೆರೆಗಳನ್ನು ಎಣಿಸಿಯೇ ತಾನೆಷ್ಟು ಸರಿದೆನೆಂದು ತಿಳಿಯುತ್ತಿತ್ತು. ಕಟ್ಟುಕಥೆ ಹೇಳುವವನು ಯಂತ್ರವನ್ನು ದೊಡ್ಡದು ಮಾಡುತ್ತಾನೆ, ಅಪರೂಪದ್ದು ಮಾಡುತ್ತಾನೆ, ಬೆಲೆ ಏರಿಸುತ್ತಾನೆ. ಮೌಸಿನ ಕೆಳಗಿನ ತಗಡನ್ನು ಕಲ್ಪಿಸಿ ಹೇಳುವಷ್ಟು ವ್ಯರ್ಥ ಪರಿಶ್ರಮವನ್ನು ಯಾವ ಸುಳ್ಳುಗಾರನೂ ಮಾಡಲಾರ. ತೊಂಬತ್ತರ ದಶಕದ ಪೂರ್ವಾರ್ಧದ ಒಂದು ಸ್ಪಾರ್ಕ್‌ಸ್ಟೇಷನ್ ಆ ಕೋಣೆಯಲ್ಲಿ ಇತ್ತೆಂಬುದರಲ್ಲಿ ನನಗೆ ಈಗ ಸಂಶಯವಿಲ್ಲ. ಇನ್ನೂ ಇದೆಯೇ ಎಂಬುದು ಬೇರೆ ಪ್ರಶ್ನೆ. ಬೀಗದ ಕೈ ಉಳ್ಳವರು ಊರಿಗೆ ಬರುವವರೆಗೆ ಅದಕ್ಕೆ ಉತ್ತರ ದೊರೆಯಲಾರದು.

ಲೋಕದಲ್ಲಿ ಇದಕ್ಕಿಂತ ಘನವಾದ ವದಂತಿಗಳೂ ಇವೆ. ಮೋಟರೋಲದ 88110 ಎಂಬ ಪ್ರೊಸೆಸರನ್ನು ಆಧರಿಸಿ ನೆಕ್ಸ್ಟ್ ಸಂಸ್ಥೆಯು ಒಂದು ಹೊಸ ವರ್ಕ್‌ಸ್ಟೇಷನ್ನನ್ನು ಸಿದ್ಧಪಡಿಸುತ್ತಿದ್ದಾಗಲೇ, 1993ರ ಫೆಬ್ರವರಿಯಲ್ಲಿ ಯಂತ್ರಗಳ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. ಮಾರುಕಟ್ಟೆಯನ್ನು ಕಾಣದೆಯೇ ಅಳಿದ ಆ ಯಂತ್ರದ ಮಾದರಿಗಳಿಗಾಗಿ ಸಂಗ್ರಾಹಕರು ಇಂದಿಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದುಂಟು. ಅಂಥ ನಿರೀಕ್ಷೆಯಲ್ಲಿ ರೋಮಾಂಚವಿದೆ, ನಿಜ. ಆದರೆ ಅದು ಸಿರಿವಂತರ ಬೇಟೆ. ಎಲ್ಲೆಡೆ ಹೇರಳವಾಗಿದ್ದು ಒಂದು ಊರಿನಲ್ಲಿ ಮಾತ್ರ ದುರ್ಲಭವಾದ ವಸ್ತುವನ್ನು, ಆ ಊರಿನ ಬದುಕಿಗೆ ಅದು ಒದಗಿದ ಬಗೆಯೊಡನೆ ಹುಡುಕುವುದರಲ್ಲಿ ನನಗೆ ಹೆಚ್ಚಿನ ಅರ್ಥ ತೋರುತ್ತದೆ. ಕ್ಯಾಲಿಫೋರ್ನಿಯದ ಸಂಗ್ರಾಹಕನಿಗೆ ಸ್ಪಾರ್ಕ್‌ಸ್ಟೇಷನ್ ಸಾಧಾರಣ ವಸ್ತು. ಇಲ್ಲಿಯ ಒಂದು ಪೀಳಿಗೆಯ ತಲೆನೋವು, ಬೆನ್ನುಮೂಳೆ, ಶ್ವಾಸಕೋಶಗಳನ್ನು ತೋರಿಸಿಕೊಟ್ಟ ಯಂತ್ರವಾದುದರಿಂದ ನಮಗೆ ಅದು ಬೇರೆ ವಸ್ತು.

ಕಾಯುವ ಕಾಲವನ್ನು ಸಿದ್ಧತೆಗೆ ಉಪಯೋಗಿಸಿಕೊಳ್ಳುವುದು ಲೇಸು. ಇಂಥ ಯಂತ್ರವು ಸಿಕ್ಕಿದ ಸಂಭ್ರಮದಲ್ಲಿ ಮೊದಲು ಮಾಡಬಾರದ ಕೆಲಸವೇ ಎಲ್ಲರೂ ಮೊದಲು ಮಾಡುವ ಕೆಲಸ, ಅಂದರೆ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತುವುದು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ, ಆಟಿ ತಿಂಗಳ ಮಳೆಯಲ್ಲಿ ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುವ, ಬೇಸಗೆಯಲ್ಲಿ ಕಡಲ ಉಪ್ಪು ಗಾಳಿಯೊಡನೆ ಒಳಬರುವ ಈ ಊರಿನಲ್ಲಿ ಯಂತ್ರವು ವಯಸ್ಸಿಗಿಂತ ಬೇಗನೆ ಮುದಿಯಾಗುತ್ತದೆ. ತಾಮ್ರದ ಗೆರೆಗಳಿಗೆ ಕಿಲುಬು ಹಿಡಿದಿರುತ್ತದೆ. ಕೆಪಾಸಿಟರುಗಳೊಳಗಿನ ದ್ರವವು ಹೊರಸೂಸಿ ಬೋರ್ಡನ್ನು ತಿಂದಿರುತ್ತದೆ. ಒಳಗೆ ಕಟ್ಟಿದ ಇರುವೆಗೂಡು ಕಂಡರೂ ಆಶ್ಚರ್ಯಪಡಬೇಕಾಗಿಲ್ಲ. ಪೆಟ್ಟಿಗೆಯನ್ನು ತೆರೆದು, ಧೂಳು ಕಳೆದು, ವಿದ್ಯುತ್ ಪೂರೈಸುವ ಭಾಗವನ್ನು ಬೇರ್ಪಡಿಸಿ ಬೇರೊಂದು ಭಾರದ ಮೇಲೆ ಪರೀಕ್ಷಿಸಿ, ಸೋರಿದ ಕೆಪಾಸಿಟರುಗಳನ್ನು ಬದಲಿಸಿದ ಅನಂತರವೇ ಜೀವ ತುಂಬುವ ಮಾತು. ಪರದೆಯ ಸಮಸ್ಯೆಯೂ ಒಂದುಂಟು. ಈ ಯಂತ್ರಗಳ ಪರದೆಯ ತಂತಿಗೆ ದಪ್ಪನೆಯ ಮೂರು ಕೊಳವೆಗಳೂ ಹತ್ತು ಸಣ್ಣ ಕಡ್ಡಿಗಳೂ ಉಳ್ಳ ವಿಚಿತ್ರವಾದ ತುದಿಯಿದ್ದು, ಈಗಿನ ಮಾನಿಟರುಗಳಿಗೆ ಅದು ಹೊಂದದು. ಹೊಂದಿಸಿದರೂ, ಸನ್ ಯಂತ್ರಕ್ಕೆ ಅಭ್ಯಾಸವಾದ 1152ಕ್ಕೆ 900 ಚುಕ್ಕೆಗಳ ಅಳತೆಯನ್ನು ಎಲ್ಲ ಪರದೆಗಳೂ ಒಪ್ಪಿಕೊಳ್ಳವು.

ಎಲ್ಲಕ್ಕಿಂತ ಕೌತುಕದ ರೋಗವೆಂದರೆ ಅದರ ಸ್ಮೃತಿನಾಶ. ಸ್ಪಾರ್ಕ್‌ಸ್ಟೇಷನ್ನಿನ ಬೋರ್ಡಿನ ಮೇಲೆ, ಗಡಿಯಾರವನ್ನೂ ಒಂದಿಷ್ಟು ಸ್ಮೃತಿಯನ್ನೂ ಒಳಗೊಂಡ ಚಿಪ್ ಒಂದಿದೆ; ಅದರ ನೆತ್ತಿಯ ಮೇಲಿನ ಗಟ್ಟಿ ಅಂಟಿನೊಳಗೆ ಒಂದು ಲಿಥಿಯಂ ಕೋಶವನ್ನು ಸಮಾಧಿ ಮಾಡಿದ್ದಾರೆ. ಆ ಯಂತ್ರದ ಕ್ರಮಸಂಖ್ಯೆ, ಜಾಲದಲ್ಲಿ ಅದನ್ನು ಗುರುತಿಸುವ ವಿಳಾಸ, ಎಲ್ಲವೂ ಆ ಚಿಪ್ಪಿನಲ್ಲಿ ಇರುತ್ತವೆ. ಕೋಶದ ಆಯುಸ್ಸು ಸುಮಾರು ಹತ್ತು ವರ್ಷ. ಅದು ತೀರಿದ ಮೇಲೆ ಯಂತ್ರವು ಎಚ್ಚರಗೊಂಡರೂ ತಾನು ಯಾರೆಂಬುದನ್ನು ಮರೆತಿರುತ್ತದೆ. ಕ್ರಮಸಂಖ್ಯೆಯನ್ನು ಕೇಳಿಯೇ ಕೆಲಸ ಮಾಡುವಂತೆ ಕಟ್ಟಿದ ಬೆಲೆಬಾಳುವ ತಂತ್ರಾಂಶಗಳು ಆ ಅಪರಿಚಿತನಿಗೆ ಬಾಗಿಲು ತೆರೆಯುವುದಿಲ್ಲ. ಬಲ್ಲವರು ಅಂಟನ್ನು ಸಣ್ಣ ಗರಗಸದಿಂದ ಕೆರೆದು, ಸತ್ತ ಕೋಶದ ತಂತಿಗಳನ್ನು ಕತ್ತರಿಸಿ, ಅಂಗಡಿಯಲ್ಲಿ ದೊರೆಯುವ ನಾಣ್ಯದಾಕಾರದ ಬ್ಯಾಟರಿಯೊಂದನ್ನು ಬೆಸೆದು, ಯಂತ್ರದ ಆರಂಭದ ತೆರೆಯಲ್ಲಿ ಫೋರ್ತ್ ಭಾಷೆಯ ಕೆಲವು ಆದೇಶಗಳನ್ನು ಬೆರಳಚ್ಚಿಸಿ, ಹಳೆಯ ಗುರುತನ್ನು ಅಕ್ಷರಶಃ ಮರಳಿ ಬರೆದುಕೊಡುತ್ತಾರೆ. ಜಾಲವಿಳಾಸವನ್ನು ಬರೆದ ಚೀಟಿಯು ಆ ಚಿಪ್ಪಿನ ಮೇಲೆ ಅಂಟಿಕೊಂಡಿದ್ದರೆ ಕೆಲಸ ಸುಲಭ. ಆದುದರಿಂದ ಒರೆಸುವ ಉತ್ಸಾಹದಲ್ಲಿ ಯಾವ ಚೀಟಿಯನ್ನೂ ಕೀಳಬಾರದು.

ಡಿಸ್ಕಿನ ಪ್ರಶ್ನೆ ಹೆಚ್ಚು ನಾಜೂಕಿನದು. ಯಂತ್ರವು ಸ್ಕ್ಯಾನಿಂಗ್ ಸೆಂಟರಿನದೇ ಆಗಿದ್ದರೆ, ಅದರ ಡಿಸ್ಕಿನಲ್ಲಿ ರೋಗಿಗಳ ಹೆಸರುಗಳೂ ವಯಸ್ಸುಗಳೂ ಅವರ ಮೆದುಳಿನ, ಉದರದ ಚಿತ್ರಗಳೂ ಉಳಿದಿರುವ ಸಂಭವವಿದೆ. ಅವರಲ್ಲಿ ಕೆಲವರು ಇಂದು ಇಲ್ಲ. ಇರುವವರು ಇದೇ ಬಿಜೈ ಮಾರುಕಟ್ಟೆಯಲ್ಲಿ ನಮ್ಮ ಪಕ್ಕದಲ್ಲಿ ನಿಂತು ಮೀನು ಕೊಳ್ಳುತ್ತಿರಬಹುದು. ಯಂತ್ರ ಸಿಕ್ಕಿದವನಿಗೆ ಆ ಚಿತ್ರಗಳ ಮೇಲೆ ಯಾವ ಹಕ್ಕೂ ಇಲ್ಲ. ಕಾರ್ಯನಿರ್ವಹಣಾ ವ್ಯವಸ್ಥೆಯನ್ನೂ ತಯಾರಕರ ತಂತ್ರಾಂಶವನ್ನೂ ಉಳಿಸಿಕೊಂಡು, ರೋಗಿಗಳಿಗೆ ಸೇರಿದ್ದೆಲ್ಲವನ್ನೂ ತೆರೆದು ನೋಡದೆಯೇ ಅಳಿಸುವುದು ಧರ್ಮ. ಇವೆರಡನ್ನೂ ಬೇರ್ಪಡಿಸುವ ವಿದ್ಯೆ ಬಾರದಿದ್ದರೆ ಡಿಸ್ಕನ್ನು ಪೂರ್ತಿ ನಾಶಪಡಿಸಿ, ಪೆಟ್ಟಿಗೆಯನ್ನಷ್ಟೇ ಇಟ್ಟುಕೊಳ್ಳುವುದು ಮೇಲು. ಚರಿತ್ರೆಯ ಹೆಸರಿನಲ್ಲಿ ಈ ವಿಷಯದಲ್ಲಿ ರಿಯಾಯಿತಿ ಕೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಲ್ಲ.

ಹಳೆಯ ಯಂತ್ರಗಳನ್ನು ತೂಕಕ್ಕೆ ಮಾರಿ ಕಳೆದುಕೊಳ್ಳುವ ನಷ್ಟ ಮಂಗಳೂರಿಗೆ ಹೊಸದಲ್ಲ. 1841ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಎರಡು ವರ್ಷಗಳ ಬಳಿಕ ಮೊಗ್ಲಿಂಗರ 'ಮಂಗಳೂರ ಸಮಾಚಾರ' ಹೊರಟಿತು. 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಇದೇ ಊರಿನಲ್ಲಿ ಅಚ್ಚಾಯಿತು. ಅಕ್ಷರದ ಯಂತ್ರಗಳ ಪರಂಪರೆ ಇಷ್ಟು ದೀರ್ಘವಾಗಿದ್ದರೂ, ಗಣಕಯಂತ್ರದ ಡಿಟಿಪಿ ಬಂದೊಡನೆ ಸಣ್ಣ ಪ್ರೆಸ್ಸುಗಳ ಸೀಸದ ಮೊಳೆಗಳು ಕಿಲೋ ಲೆಕ್ಕದಲ್ಲಿ ಕರಗಲು ಹೋದುವು. ಮೊಳೆಗಳನ್ನು ಓಡಿಸಿದ ಆ ಗಣಕಯಂತ್ರಗಳೂ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದೇ ತಕ್ಕಡಿಯನ್ನು ಏರಿದುವು. ಕನ್ನಡದ ಅಕ್ಷರಗಳನ್ನು ಗಣಕಯಂತ್ರಕ್ಕೆ ಒಗ್ಗಿಸಿದವರಲ್ಲಿ ಅಗ್ರಗಣ್ಯರಾದ ಕೆ. ಪಿ. ರಾಯರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿಯೇ ಇಂದು ಲಕ್ಷಾಂತರ ಮಂದಿ ಕನ್ನಡವನ್ನು ಬೆರಳಚ್ಚಿಸುತ್ತಾರೆ, ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಅವರು ಉಚಿತವಾಗಿ ಹಂಚಿದ ತಂತ್ರಾಂಶವು ಒಂದು ಕಾಲದಲ್ಲಿ ಅನೇಕರ ಮೊದಲ ಕನ್ನಡ ಬರಹಕ್ಕೆ ನೆರವಾಯಿತು. ಅಂಥ ಪ್ರಯೋಗಗಳು ಮೊದಲು ನಡೆದ ಕಾಲದ ಯಂತ್ರಗಳನ್ನು ಅದೇ ಜಿಲ್ಲೆಯ ಮಕ್ಕಳು ಕಣ್ಣಾರೆ ಕಾಣಬೇಕೆಂದರೆ ಕರೆದೊಯ್ಯುವುದಕ್ಕೆ ನಮ್ಮಲ್ಲಿ ಸ್ಥಳವಿಲ್ಲ.

ಸ್ಥಳವಿಲ್ಲವೆಂದೆ, ಬಿಜೈಯ ಮಟ್ಟಿಗೆ ಈ ಮಾತು ಪೂರ್ತಿ ಸರಿಯಲ್ಲ. ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವು ಇಲ್ಲಿಯೇ ಇದೆ. ವೈದ್ಯರಾಗಿದ್ದ ಕರ್ನಲ್ ವಿ. ಆರ್. ಮಿರಾಜ್‌ಕರರು 1935ರಲ್ಲಿ ಕಟ್ಟಿಸಿದ ಬಂಗಲೆಯು ಅವರ ತಾಯಿಯ ಹೆಸರನ್ನು ಹೊತ್ತು, 1960ರಲ್ಲಿ ಸಾರ್ವಜನಿಕರಿಗೆ ತೆರೆದ ಸಂಗ್ರಹಾಲಯವಾಯಿತು. ಒಬ್ಬ ವೈದ್ಯರ ಮನೆಯಾಗಿದ್ದ ಕಟ್ಟಡದಲ್ಲಿ, ಈ ಊರಿನ ವೈದ್ಯರ ಕಣ್ಣಾಗಿ ದುಡಿದ ಯಂತ್ರವೊಂದಕ್ಕೆ ಒಂದು ಮೇಜು ಹಾಕುವುದರಲ್ಲಿ ಅನೌಚಿತ್ಯವೇನೂ ಕಾಣದು. ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಸಂಗ್ರಹಾಲಯವು 1913ರಷ್ಟು ಹಳೆಯದು; ಫ್ರೆಂಚ್ ತಯಾರಿಕೆಯ ದೆ ದಿಯೊಂ ಬೂತೊಂ ಕಾರನ್ನು ಉಳಿಸಿಕೊಂಡು ಬಂದ ಆ ಪರಂಪರೆಯವರಿಗೆ ಯಂತ್ರಗಳ ಬೆಲೆ ತಿಳಿಯದೆ ಇಲ್ಲ. ಅಮೆರಿಕದಲ್ಲಿ ಗಣಕಯಂತ್ರಗಳ ಇತಿಹಾಸ ಸಂಗ್ರಹಾಲಯವು, ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯೇ ಹಿಂದೆ ನೆಲೆಸಿದ್ದ ಕಟ್ಟಡವನ್ನು 2002ರಲ್ಲಿ ಕೊಂಡು ಅಲ್ಲಿ ನೆಲೆಯೂರಿತು. ಅಷ್ಟು ದೊಡ್ಡ ಕಟ್ಟಡವನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಗಾಜಿನ ಬಾಗಿಲುಳ್ಳ ಒಂದು ಕಪಾಟು, ಮಳೆಗಾಲದಲ್ಲಿ ತೇವ ಹೀರುವ ಒಂದು ಯಂತ್ರ, ತಿಂಗಳಿಗೊಮ್ಮೆ ಬಂದು ಚಾಲನೆ ಕೊಟ್ಟು ಹೋಗುವ ಇಬ್ಬರು ವಿದ್ಯಾರ್ಥಿಗಳು, ಇಷ್ಟಾದರೆ ಸಾಕು. ಬಿಜೈಯ ಆ ಯಂತ್ರವು ಹೊರಬಂದರೆ ಅದು ಸೇರತಕ್ಕದ್ದು ನನ್ನಂಥವನ ಮನೆಗಲ್ಲ, ಇಂಥ ಕಪಾಟಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಗ್ರಾಹಕನ ಮನೆಯಲ್ಲಿ ಅದು ಉಳಿಯುವುದು ಹೆಚ್ಚೆಂದರೆ ಸಂಗ್ರಾಹಕನ ಆಯುಸ್ಸಿನಷ್ಟು ಕಾಲ.

ಆದುದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಬಿಜೈಯಲ್ಲಾಗಲಿ, ಕದ್ರಿ, ಉರ್ವ, ಕಂಕನಾಡಿಗಳಲ್ಲಾಗಲಿ, ಮುಚ್ಚಿದ ಕ್ಲಿನಿಕ್ಕಿನ, ಪ್ರೆಸ್ಸಿನ, ಕಚೇರಿಯ ಬೀಗದ ಕೈ ತಮ್ಮ ವಶದಲ್ಲಿದ್ದರೆ, ಗುಜರಿಯವರಿಗೆ ಫೋನು ಮಾಡುವ ಮೊದಲು ಒಮ್ಮೆ ಒಳಹೊಕ್ಕು, ಅಲ್ಲಿರುವ ಪೆಟ್ಟಿಗೆಗಳ ಬೆನ್ನಿನ ಮೇಲಿನ ಫಲಕವನ್ನು ಓದಿ ಮಾದರಿಯ ಹೆಸರನ್ನು ಬರೆದುಕೊಳ್ಳಿರಿ, ಸಾಧ್ಯವಾದರೆ ಒಂದು ಫೋಟೊ ತೆಗೆದುಕೊಳ್ಳಿರಿ. ಪ್ಲಗ್ ಸಿಕ್ಕಿಸಬೇಡಿರಿ. ಕೀಲಿಮಣೆ, ಮೌಸು, ಪರದೆಯ ತಂತಿ, ಕೈಪಿಡಿಗಳು, ಟೇಪುಗಳು ಯಂತ್ರದಿಂದ ಬೇರೆಯಾಗದಂತೆ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಡಿರಿ. ಇವುಗಳಲ್ಲಿ ಒಂದು ಕಳೆದುಹೋದರೂ ಈ ಊರಿನಲ್ಲಿ ಇನ್ನೊಂದನ್ನು ಹುಡುಕಿ ತರುವುದು ಬಹುತೇಕ ಅಸಾಧ್ಯ. ಆಮೇಲೆ ಬಿಜೈಯ ಸಂಗ್ರಹಾಲಯಕ್ಕೋ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಗಣಕ ವಿಭಾಗಕ್ಕೋ ಒಂದು ಕಾಗದ ಬರೆದು ತಿಳಿಸಿರಿ. ಅವರು ಬೇಡವೆಂದರೆ ಗುಜರಿಯ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.